ನಮ್ಮ ಸಾಂಬಾರು ಮತ್ತು ಮೊಜಾಂಬಿಕ್ ತೊಗರಿ



ತೊಗರಿಬೇಳೆಯ ದರ ಏರಿದರೆ ನಾವು ಮೊದಲು ದೂರುವುದು ದಿನಸಿ ವ್ಯಾಪಾರಿಯನ್ನು. ಆದರೆ ಆ ದರದ ಒಂದು ತುದಿ ವಾಶಿ ಮಾರ್ಕೆಟಿನಲ್ಲಿದ್ದರೆ ಇನ್ನೊಂದು ತುದಿ ಆಫ್ರಿಕಾದ ಪೂರ್ವ ಕರಾವಳಿಯಲ್ಲಿದೆ. ದೂರದ ಎರಡು ದೇಶಗಳ ಸ್ನೇಹ, ವ್ಯಾಪಾರ ಬೆಳೆದರೆ ನಮಗೇನು ಎಂದು ಕೇಳುವವರಿದ್ದಾರೆ. ಅವರಿಗೆ ಮೊಜಾಂಬಿಕ್ ಒಳ್ಳೆಯ ಪಾಠ.

ಮೊಜಾಂಬಿಕ್ ಎಲ್ಲಿದೆ?

ಹಿಂದೂ ಮಹಾಸಾಗರದ ಆಚೆ ದಡದಲ್ಲಿದೆ. ಗೋವಾದಂತೆ ಅದೂ ಪೋರ್ಚುಗೀಸರ ಕೈಯಲ್ಲಿತ್ತು. 1975ರಲ್ಲಿ ಸ್ವತಂತ್ರವಾಯಿತು. ನಂಪುಲಾ, ಜಾಂಬೇಜಿಯಾ ಪ್ರಾಂತ್ಯಗಳಲ್ಲಿ ಸಣ್ಣ ರೈತರು ತೊಗರಿ ಬೆಳೆಯುತ್ತಾರೆ. ನಕಾಲಾ, ಬೈರಾ ಅಲ್ಲಿನ ಮುಖ್ಯ ಬಂದರುಗಳು. ಅವರ ತೊಗರಿಗೆ ದೊಡ್ಡ ಗಿರಾಕಿ ಎಂದರೆ ನಾವೇ.

ಇನ್ನೊಂದು ಅನುಕೂಲವೂ ಇದೆ. ನಮ್ಮಲ್ಲಿ ತೊಗರಿ ಕೊಯ್ಲು ಡಿಸೆಂಬರ್ ನಂತರ. ಅವರದು ಭೂಮಧ್ಯರೇಖೆಯ ಕೆಳಗಿನ ದೇಶವಾದ್ದರಿಂದ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಹೊಸ ಮಾಲು ಬರುತ್ತದೆ. ನಮ್ಮ ದಾಸ್ತಾನು ಕರಗುವ ಹೊತ್ತಿಗೆ, ಅಂದರೆ ದಸರಾ, ದೀಪಾವಳಿಯ ಗಿರಾಕಿಯ ಕಾಲಕ್ಕೆ, ಅವರ ಹಡಗು ಬಂದು ನಿಲ್ಲುತ್ತದೆ.

ಒಪ್ಪಂದ ಆದದ್ದು ಹೇಗೆ?

2014 ಮತ್ತು 2015ರಲ್ಲಿ ನಮ್ಮಲ್ಲಿ ಮಳೆ ಕೈಕೊಟ್ಟಿತು. 2015ರ ಅಕ್ಟೋಬರಿನಲ್ಲಿ ತೊಗರಿಬೇಳೆ ಕೆಲವು ಊರುಗಳಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿದ್ದನ್ನು ನಾವು ಯಾರೂ ಮರೆತಿಲ್ಲ. ಮರುವರ್ಷ, 2016ರ ಜುಲೈಯಲ್ಲಿ, ಪ್ರಧಾನಿ ನರೇಂದ್ರ ಮೋದಿಯವರು ಮೊಜಾಂಬಿಕ್ ರಾಜಧಾನಿ ಮಪುಟೊಗೆ ಹೋದರು. ಅಲ್ಲಿನ ಅಧ್ಯಕ್ಷ ಫಿಲಿಪೆ ನ್ಯೂಸಿಯವರೊಂದಿಗೆ ಮಾತುಕತೆಯಾಯಿತು. 2016-17ರಲ್ಲಿ 1 ಲಕ್ಷ ಟನ್ನಿನಿಂದ ಆರಂಭಿಸಿ 2020-21ಕ್ಕೆ 2 ಲಕ್ಷ ಟನ್ನಿಗೆ ಏರಿಸುವಂತೆ ತೊಗರಿ ಮತ್ತಿತರ ಬೇಳೆಕಾಳು ತರಿಸುವ ಒಪ್ಪಂದ ಆಯಿತು. ವರ್ಷಕ್ಕೆ 2 ಲಕ್ಷ ಟನ್ನಿನ ಲೆಕ್ಕದಲ್ಲಿ 2021ರಲ್ಲಿ ಅದನ್ನು 2025-26ರ ವರೆಗೆ ಮುಂದುವರಿಸಲಾಯಿತು. ಅದೇ ವರ್ಷ ಮಲಾವಿ ಮತ್ತು ಮ್ಯಾನ್ಮಾರ್ ಜೊತೆಗೂ ಇಂಥ ಒಪ್ಪಂದಗಳಾದವು.

ಒಪ್ಪಂದಕ್ಕೆ ಬಂದ ಪರೀಕ್ಷೆ

ಸಹಿ ಹಾಕುವುದು ಸುಲಭ, ನಡೆಸುವುದು ಕಷ್ಟ. 2015-16ರಲ್ಲಿ ಸುಮಾರು 25.6 ಲಕ್ಷ ಟನ್ ಇದ್ದ ನಮ್ಮ ತೊಗರಿ ಬೆಳೆ 2016-17ರಲ್ಲಿ ಸುಮಾರು 48.7 ಲಕ್ಷ ಟನ್ನಿಗೆ ಏರಿತು. ಬೋನಸ್ ಸೇರಿ ಕ್ವಿಂಟಾಲಿಗೆ 5,050 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿತ್ತು. ನಮ್ಮ ಕಲಬುರಗಿಯ ರೈತರು ಖರೀದಿ ಕೇಂದ್ರಗಳ ಮುಂದೆ ಸಾಲು ನಿಂತರು. 2017ರ ಆಗಸ್ಟಿನಲ್ಲಿ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ನಿನ ಮಿತಿ ಹಾಕಿತು. ಮೊಜಾಂಬಿಕ್ ಒಪ್ಪಂದದ ಮಾಲಿಗೆ ಈ ಮಿತಿ ಇರಲಿಲ್ಲ. ಆದರೂ ಭಾರತ ಕೊಳ್ಳುತ್ತದೆಂದು ನಂಬಿ ಹೆಚ್ಚು ಬಿತ್ತಿದ್ದ ಅಲ್ಲಿನ ರೈತರಿಗೆ ದರ ಕುಸಿದು ದೊಡ್ಡ ಪೆಟ್ಟು ಬಿತ್ತು.

ನಂತರ ಗಾಳಿ ತಿರುಗಿತು. ನಮ್ಮಲ್ಲಿ ಬೇಳೆ ತುಟ್ಟಿಯಾದಾಗ 2021ರ ಮೇ ತಿಂಗಳಲ್ಲಿ ಆಮದನ್ನು ಮುಕ್ತ ಮಾಡಲಾಯಿತು. 2023ರ ಕೊನೆಗೆ ಅಲ್ಲಿನ ರಫ್ತುದಾರರ ನಡುವಿನ ಜಗಳದಿಂದ ನಕಾಲಾ ಬಂದರಿನಲ್ಲಿ ತೊಗರಿ ಕಂಟೇನರ್‌ಗಳು ಸಿಕ್ಕಿಬಿದ್ದವು. ಆಗ ನಮ್ಮ ಸರ್ಕಾರ ಅವರ ಸರ್ಕಾರದೊಡನೆ ಮಾತಾಡಬೇಕಾಯಿತು. ಮಾತಾಡಲು ಬಾಗಿಲು ತೆರೆದಿತ್ತು ಎಂಬುದು ಇಲ್ಲಿ ಮುಖ್ಯ.

ಆ ಬಾಗಿಲು ವ್ಯಾಪಾರದಿಂದ ಮಾತ್ರ ತೆರೆದದ್ದಲ್ಲ. 2019ರ ಮಾರ್ಚಿನಲ್ಲಿ ಇಡಾಯ್ ಚಂಡಮಾರುತ ಬೈರಾ ನಗರವನ್ನು ನೆಲಸಮ ಮಾಡಿದಾಗ ಮೊದಲು ತಲುಪಿದ ನೆರವಿನಲ್ಲಿ ನಮ್ಮ ನೌಕಾಪಡೆಯ ಸುಜಾತಾ, ಶಾರ್ದೂಲ್ ಹಡಗುಗಳು ಮತ್ತು ಕರಾವಳಿ ಕಾವಲು ಪಡೆಯ ಸಾರಥಿ ಇದ್ದವು. ಕಷ್ಟಕ್ಕೆ ಆದವರನ್ನು ಯಾರೂ ಮರೆಯುವುದಿಲ್ಲ. ಊರಲ್ಲಾದರೂ ಅಷ್ಟೇ, ದೇಶದಲ್ಲಾದರೂ ಅಷ್ಟೇ.

ನಾವು ಕಲಿಯಬೇಕಾದ್ದು

1. ಆಗಸ್ಟಿನಿಂದ ನವೆಂಬರ್ ವರೆಗೆ ಆಫ್ರಿಕಾದ ಮಾಲು ಎಷ್ಟು ಬಂತೆಂದು ನಿಮ್ಮ ವ್ಯಾಪಾರಿಯನ್ನು ಕೇಳುತ್ತಿರಿ. ಮದುವೆ ಸೀಸನ್ನಿನ ಕೇಟರಿಂಗ್ ಆರ್ಡರಿಗೆ ದರ ಹೇಳುವ ಮುನ್ನ ಈ ಲೆಕ್ಕ ಕೈಯಲ್ಲಿರಲಿ.

2. ಪೇಟೆಯಲ್ಲಿ 'ಗಜರಿ' ಎಂದರೆ ಮೊಜಾಂಬಿಕ್, 'ಅರುಷಾ' ಎಂದರೆ ತಾಂಜಾನಿಯಾ, 'ಲೆಮನ್' ಎಂದರೆ ಬರ್ಮಾ ಕಡೆಯ ತೊಗರಿ. ಎಲ್ಲ ಬೇಳೆಯೂ ಒಂದೇ ರೀತಿ ಬೇಯುವುದಿಲ್ಲ. ಗೋಣಿಗಟ್ಟಲೆ ಕೊಳ್ಳುವ ಮೊದಲು ಒಂದೆರಡು ಕಿಲೋ ತಂದು ಭಟ್ಟರ ಕೈಯಲ್ಲಿ ಬೇಯಿಸಿ ನೋಡಿ. ಎಷ್ಟು ಹೊತ್ತು ಬೇಕು, ಎಷ್ಟು ನೀರು ಹಿಡಿಯುತ್ತದೆ, ಸಾಂಬಾರು ದಪ್ಪ ಬರುತ್ತದೆಯೇ ಎಂಬುದನ್ನು ಬರೆದಿಡಿ. ಕಿಲೋ ದರ ಅಗ್ಗವೆಂದು ಸಾಂಬಾರು ಅಗ್ಗವಾಗುವುದಿಲ್ಲ.

3. ಅಗ್ಗದ ಮಾಲಿನ ಆಸೆಗೆ ಊರಿನ ರೈತನನ್ನು ಮರೆಯಬಾರದು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದರ ರುಚಿ ನಮ್ಮ ಗಿರಾಕಿಗೆ ಗೊತ್ತು. ಅವನ ಬೆಲೆ ಬಿದ್ದರೆ ಮುಂದಿನ ವರ್ಷ ಅವನು ತೊಗರಿ ಬಿಟ್ಟು ಬೇರೆ ಬೆಳೆಗೆ ಹೋಗುತ್ತಾನೆ. ಆಗ ದರ ಏರಿ ಪೆಟ್ಟು ಬೀಳುವುದು ನಮ್ಮ ಗಲ್ಲಾಪೆಟ್ಟಿಗೆಗೇ.

ದೇಶ ದೇಶಗಳ ಸಂಬಂಧವೂ ಹಾಲಿನವನ ಜೊತೆ, ತರಕಾರಿಯವನ ಜೊತೆ ನಾವು ಇಟ್ಟುಕೊಳ್ಳುವ ಸಂಬಂಧದ ಹಾಗೆಯೇ. ಬೇಕಾದಾಗ ಮಾತ್ರ ಕರೆದು, ಬೇಡವಾದಾಗ ಬಾಗಿಲು ಹಾಕಿದರೆ ಕೊರತೆಯ ದಿನ ಅವನು ನಮ್ಮ ಅಂಗಡಿಗೆ ಬರುವುದಿಲ್ಲ. ಕೊಂಡಷ್ಟು ಕೊಳ್ಳುತ್ತೇವೆ ಎಂಬ ಮಾತನ್ನು ಸುಗ್ಗಿಯ ವರ್ಷದಲ್ಲೂ ಉಳಿಸಿಕೊಂಡರೆ ಮಾತ್ರ ಬರಗಾಲದಲ್ಲಿ ಹಡಗು ಬರುತ್ತದೆ.