ಮಂಗನ ಕಾಯಿಲೆ ಬರುವ ದಾರಿ



ಒಮ್ಮೆ ಮಾಘ ಮಾಸದಲ್ಲಿ ಕಾಡಂಚಿನ ಒಂದು ಮನೆಗೆ ಹೋಗಿದ್ದೆ. ಯಜಮಾನರು ಮಂಗನ ಕಾಯಿಲೆಯಿಂದ ಮಲಗಿದ್ದರು. ನೆಂಟರು ದಣಪೆಯ ಆಚೆಯೇ ನಿಂತು ವಿಚಾರಿಸಿ ಹೋಗುತ್ತಿದ್ದರು. "ಒಳಗೆ ಬರಬೇಡಿ ಸ್ವಾಮಿ, ನಿಮಗೂ ಅಂಟೀತು" ಎಂದು ಅವರ ಹೆಂಡತಿ ನನ್ನನ್ನೂ ತಡೆದರು. ಅದೇ ಮನೆಯ ಕೊಟ್ಟಿಗೆಯ ಮುಂದೆ ಅಂದು ಬೆಳಿಗ್ಗೆ ಕಾಡಿನಿಂದ ತಂದ ದರಗಿನ ಹೊರೆ ಬಿದ್ದಿತ್ತು. ಅದಕ್ಕೆ ಯಾರೂ ಹೆದರಿರಲಿಲ್ಲ.

ಸೋಂಕು ರೋಗವೆಂದರೆ ಮುಟ್ಟಿದರೆ ಬರುವುದೆಂದೇ ನಾವು ತಿಳಿದಿದ್ದೇವೆ. ಹಾಗಲ್ಲ. ಕಣ್ಣಿಗೆ ಕಾಣದ ರೋಗಾಣು ಒಂದು ದೇಹದಿಂದ ಇನ್ನೊಂದಕ್ಕೆ ಹೋಗಲು ಒಂದೊಂದು ರೋಗಕ್ಕೆ ಒಂದೊಂದು ದಾರಿ. ಕಾಲರಾ ಹೊಲಸಾದ ನೀರಿನಿಂದ, ದಡಾರ ಕೆಮ್ಮು ಉಸಿರಿನಿಂದ, ಮಲೇರಿಯಾ ಸೊಳ್ಳೆಯಿಂದ. ಮಂಗನ ಕಾಯಿಲೆ ಉಣುಗಿನಿಂದ. ರೋಗಿಯನ್ನು ಆರೈಕೆ ಮಾಡಿದವರಿಗೆ ಅದು ಹರಡುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದುವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದೇ ವರ್ಷ ರೋಗಾಣುವನ್ನು ಪತ್ತೆಮಾಡಿದರು. ಮಂಗವೂ ನಮ್ಮಂತೆ ಈ ರೋಗಕ್ಕೆ ತುತ್ತಾಗುವ ಪ್ರಾಣಿ. ಅದು ಸತ್ತಾಗ ಮೈಮೇಲಿದ್ದ ಉಣುಗುಗಳು ಅಲ್ಲಿಯೇ ನೆಲಕ್ಕಿಳಿದು ಬೇರೆ ಮೈಗಾಗಿ ಕಾಯುತ್ತವೆ.

ಇನ್ನು ದನಗಳ ವಿಷಯ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಆದರೆ ಕಾಡಿನಲ್ಲಿ ಮೇಯುವ ದನದ ರಕ್ತ ಕುಡಿದು ಬಲಿತ ಉಣುಗು ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ, ಸಂತತಿ ಬೆಳೆಯುತ್ತದೆ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ಮರಿ ಉಣುಗು. ಸಾಸುವೆ ಕಾಳಿನಷ್ಟು ಸಣ್ಣದು, ಕಚ್ಚಿದ್ದೂ ತಿಳಿಯದು. ಡಿಸೆಂಬರಿನಿಂದ ಮೇ ತನಕ ಇದರ ಕಾಟ. ನಾವು ದರಗು ಗುಡಿಸುವುದೂ ಅದೇ ಕಾಲದಲ್ಲಿ!

ದರಗು ಹಾಸಿ, ಗೊಬ್ಬರ ಮಾಡಿ ಎಂದು ಊರೂರಿಗೆ ಹೇಳಿದವನು ನಾನೇ. ಗೊಬ್ಬರವಿಲ್ಲದೆ ಅಡಿಕೆ ತೋಟ ಉಳಿಯದೆಂಬುದನ್ನೂ ಬಲ್ಲೆ. ಆದರೂ ಮಂಗ ಸತ್ತ ಕಾಡಿನ ದರಗನ್ನು ಆ ವರ್ಷ ತರಲೇಬೇಡಿ. ದನ ತಿನ್ನದೆ ಬಿಟ್ಟ ಹುಲ್ಲು, ತೋಟದ ಸೋಗೆ ಇವನ್ನೇ ಕೊಟ್ಟಿಗೆಗೆ ಹಾಸಿ. ಗೊಬ್ಬರ ಸ್ವಲ್ಪ ಕಡಿಮೆಯಾದೀತು, ಆಗಲಿ. ಬೇರೆ ಕಾಡಿಗೆ ಹೋಗಲೇಬೇಕಾದರೆ ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಸವರಿ, ಮೈತುಂಬ ಬಟ್ಟೆ ತೊಡಿ. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನಮಾಡಿ. ಹಿಂದೆ ಹಾಕುತ್ತಿದ್ದ ಲಸಿಕೆ 2022ರಲ್ಲಿ ನಿಂತಿತು. ಅದನ್ನು ನಂಬಿ ಕೂರಬೇಡಿ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಥಟ್ಟನೆ ಏರುತ್ತದೆ. ತಲೆನೋವು, ಮೈಕೈ ನೋವು, ವಾಂತಿ. ಕೆಲವರಿಗೆ ಮೂಗು, ವಸಡುಗಳಲ್ಲಿ ರಕ್ತ. ರೋಗಾಣುವನ್ನೇ ಕೊಲ್ಲುವ ಔಷಧವಿಲ್ಲ. ಬೇಗ ಆಸ್ಪತ್ರೆ ಸೇರಿ ಆರೈಕೆ ಪಡೆದವರು ಬಹುಮಟ್ಟಿಗೆ ಗುಣವಾಗುತ್ತಾರೆ. ಕಾಡಿಗೆ ಹೋಗಿದ್ದಿರೆಂದು ವೈದ್ಯರಿಗೆ ಮೊದಲೇ ಹೇಳಿ.

ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಹೂಳಲೂ ಯತ್ನಿಸದೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮಲಗಿದ ನೆರೆಯವರ ಮನೆಗೆ ಮಾತ್ರ ಧಾರಾಳವಾಗಿ ಹೋಗಿ ಬನ್ನಿ.