ಇಂಪ್ಲಾಂಟ್ ಹಲ್ಲಿನ ಸುತ್ತಣ ಮೂಳೆ: ಎಕ್ಸ್-ರೇ ತೆಗೆಸುವ ಕ್ರಮ

ದವಡೆಯ ಮೂಳೆಯಲ್ಲಿ ಟೈಟೇನಿಯಂ ಲೋಹದ ತಿರುಪನ್ನು ನೆಟ್ಟು ಅದರ ಮೇಲೆ ಹಲ್ಲನ್ನು ಕೂರಿಸುವ ಚಿಕಿತ್ಸೆಯು ಈಗ ಚಿಕ್ಕೋಡಿ, ರಾಯಬಾಗ, ಅಥಣಿಗಳ ಜನರಿಗೂ ಅಪರಿಚಿತವಾಗಿ ಉಳಿದಿಲ್ಲ; ಆದರೆ ನಮ್ಮ ಗಡಿಸೀಮೆಯ ರೋಗಿಯು ತಿರುಪನ್ನು ಮಿರಜಿನಲ್ಲಿ ಹಾಕಿಸಿಕೊಂಡು, ಕ್ಯಾಪನ್ನು ಕೊಲ್ಹಾಪುರದಲ್ಲಿ ಕೂರಿಸಿಕೊಂಡು, ತಪಾಸಣೆಗೆ ಬೆಳಗಾವಿಗೋ ಊರಿನ ದವಾಖಾನೆಗೋ ಹೋಗುವುದು ಅಪೂರ್ವವಲ್ಲವಾದುದರಿಂದ, ಆ ಹಲ್ಲಿನ ಪೂರ್ವಚರಿತ್ರೆಯು ಯಾವ ಒಬ್ಬ ವೈದ್ಯರ ಬಳಿಯಲ್ಲಿಯೂ ಸಮಗ್ರವಾಗಿ ಉಳಿಯದು. ಅದನ್ನು ರಕ್ಷಿಸತಕ್ಕವನು ರೋಗಿಯೇ.

ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿಯು, ಟೈಟೇನಿಯಂ ಮೂಳೆಯೊಡನೆ ಏಕೀಭವಿಸುವುದೆಂಬುದನ್ನು ಕಂಡುಕೊಂಡು, 1965ರಲ್ಲಿ ಮೊದಲ ರೋಗಿಯ ದವಡೆಯಲ್ಲಿ ಅದನ್ನು ನೆಟ್ಟನು. ಈ ಬೆಸುಗೆ ಎಷ್ಟು ಬಿಗಿಯಾದುದೆಂದರೆ, ಸುತ್ತಲಿನ ಮೂಳೆ ಮೇಲಿನಿಂದ ಬಹುಭಾಗ ಕರಗಿದರೂ ತಳದ ಹಿಡಿತವೊಂದರಿಂದಲೇ ತಿರುಪು ಅಲುಗದೆ ನಿಂತಿರಬಲ್ಲುದು. ನೋವೂ ಸಾಮಾನ್ಯವಾಗಿ ಇರದು. ತಿರುಪೇ ಅಲುಗಾಡತೊಡಗಿತೆಂದರೆ ಅದನ್ನು ಉಳಿಸುವ ಕಾಲ ಮೀರಿತೆಂದು ತಿಳಿಯಬೇಕು. (ಮೇಲಿನ ಕ್ಯಾಪಿನ ಸ್ಕ್ರೂ ಸಡಿಲಾದುದು ಬೇರೆ ಮಾತು; ಅದು ದುರಸ್ತಿಯಾಗುವಂಥದು.) ತಂಬಾಕಿಗೆ ಹೆಸರಾದ ನಿಪ್ಪಾಣಿಯ ಸೀಮೆಯಲ್ಲಿ ಬೀಡಿ ಸೇದುವವರಿಗೂ, ಮಧುಮೇಹ ಹತೋಟಿಯಲ್ಲಿಲ್ಲದವರಿಗೂ, ಹಿಂದೆ ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರಿಗೂ ಹೀಗೆ ಮೂಳೆ ಕರಗುವ ಭಯ ಅಧಿಕ.

ಆದುದರಿಂದ ಮೊದಲು ಮಾಡತಕ್ಕುದು, ಕ್ಯಾಪು ಕೂರಿಸಿದ ದಿನವೇ ಒಂದು ಎಕ್ಸ್-ರೇ ತೆಗೆಸಿ, ಅದರ ಪ್ರತಿಯನ್ನು ಕೇಳಿ ಪಡೆಯುವುದು. ಆರ್.ವಿ.ಜಿ. ಎಂಬ ಡಿಜಿಟಲ್ ಚಿತ್ರವಾದರೆ, ಪರದೆಯ ಮೇಲಿನದನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿಕೊಂಡು ತೃಪ್ತರಾಗದೆ ಮೂಲ ಫೈಲನ್ನೇ ಕೇಳಬೇಕು. ಜೊತೆಗೆ ತಿರುಪಿನ ಕಂಪನಿ, ಉದ್ದ, ವ್ಯಾಸ ಮತ್ತು ತಾರೀಖನ್ನು ಬರೆಸಿಕೊಳ್ಳಬೇಕು. ಎರಡನೆಯ ಚಿತ್ರವನ್ನು ಒಂದು ವರ್ಷ ತುಂಬಿದಾಗ ತೆಗೆಸತಕ್ಕದ್ದು. ಮೊದಲ ವರ್ಷದಲ್ಲಿ ಮೂಳೆಯು ಒಂದು, ಒಂದೂವರೆ ಮಿಲಿಮೀಟರಿನಷ್ಟು ತಗ್ಗುವುದನ್ನು ಸಹಜವೆಂದೂ, ಆಮೇಲೆ ವರ್ಷಕ್ಕೆ 0.2 ಮಿ.ಮೀ.ಗಿಂತ ಕಡಿಮೆಯಿರಬೇಕೆಂದೂ 1986ರಿಂದ ಒಂದು ಮಾನದಂಡ ಪ್ರಚಲಿತವಾಗಿದೆ. ಎರಡನೆಯ ಚಿತ್ರದ ತರುವಾಯ, ಒಸಡಿನಲ್ಲಿ ರಕ್ತವೋ ಕೀವೋ ಬಾವೋ ಕಂಡಾಗ ವೈದ್ಯರ ಸಲಹೆಯಂತೆ ತೆಗೆಸಿದರಾಯಿತು. ಪ್ರತಿ ಭೇಟಿಯಲ್ಲಿಯೂ ತೆಗೆಸುವ ಹಠ ವ್ಯರ್ಥ.

ಯಾವ ಚಿತ್ರವೆಂಬುದೂ ಮುಖ್ಯ. ಮುಖದ ಸುತ್ತ ಯಂತ್ರ ತಿರುಗಿ ಎರಡೂ ದವಡೆಗಳನ್ನು ತೋರಿಸುವ ಒ.ಪಿ.ಜಿ.ಯು ಆಕಾರವನ್ನು ಹಿಗ್ಗಿಸುವುದರಿಂದಲೂ, ಮುಂದಿನ ಹಲ್ಲುಗಳ ಮೇಲೆ ಕತ್ತಿನ ಮೂಳೆಯ ನೆರಳು ಬೀಳುವುದರಿಂದಲೂ ಸೂಕ್ಷ್ಮ ಅಳತೆಗೆ ಒದಗದು. ಬಾಯೊಳಗೇ ಇಟ್ಟು ತೆಗೆಯುವ ಚಿಕ್ಕ ಐ.ಒ.ಪಿ.ಎ. ಚಿತ್ರವೇ ಇಲ್ಲಿ ಪ್ರಶಸ್ತ. ಅದನ್ನೂ ಬೆರಳಿನಿಂದ ಒತ್ತಿ ಹಿಡಿಯದೆ, ಹೋಲ್ಡರಿನಲ್ಲಿ ಕೂರಿಸಿ, ತಿರುಪಿಗೆ ಸಮಾನಾಂತರವಾಗಿ ನಿಲ್ಲಿಸಬೇಕು.

ಚಿತ್ರ ಸರಿಯಾಗಿ ಬಂದಿದೆಯೋ ಇಲ್ಲವೋ ಎಂಬುದನ್ನು ಸಾಮಾನ್ಯ ಓದುಗನೂ ಪರೀಕ್ಷಿಸಬಹುದು. ತಿರುಪಿನ ಎರಡೂ ಪಾರ್ಶ್ವಗಳಲ್ಲಿ ಸುತ್ತುಗಳು ಗರಗಸದ ಹಲ್ಲುಗಳಂತೆ ಬಿಡಿಬಿಡಿಯಾಗಿ ಕಂಡರೆ ಕೋನ ಸರಿಯಾಗಿದೆ; ಒಂದು ಪಾರ್ಶ್ವ ಮಸುಕಾದರೆ ಕಿರಣ ಓರೆಯಾಗಿ ಬಿದ್ದಿದೆ; ಎರಡೂ ಮಸುಕಾದರೆ ಆ ಚಿತ್ರದ ಅಳತೆಯನ್ನು ನಂಬಬಾರದು. ಬಳಿಕ ಮೂಳೆಯು ಲೋಹವನ್ನು ಮುಟ್ಟುವ ಅತ್ಯುನ್ನತ ಸ್ಥಾನವು ಎಷ್ಟನೆಯ ಸುತ್ತಿನಲ್ಲಿದೆಯೆಂದು ಎಣಿಸಿ, ಹಳೆಯ ಚಿತ್ರದೊಡನೆ ಹೋಲಿಸಬೇಕು. ಸುತ್ತಿನಿಂದ ಸುತ್ತಿಗೆ ಇರುವ ಅಂತರವನ್ನು ಕಂಪನಿಯೇ ನಿಗದಿಪಡಿಸಿರುವುದರಿಂದ ಮಿಲಿಮೀಟರುಗಳ ಲೆಕ್ಕ ವೈದ್ಯರಿಗೆ ಸುಲಭವಾಗುತ್ತದೆ. ಕಂಪನಿಯ ಹೆಸರನ್ನು ಬರೆಸಿಕೊಳ್ಳಿರೆಂದುದು ಇದಕ್ಕಾಗಿಯೇ.

ಆದರೂ ಎಕ್ಸ್-ರೇ ಸರ್ವಜ್ಞವಲ್ಲ. ತಿರುಪಿನ ಹಿಂದು ಮುಂದಿನ ಎರಡು ಪಾರ್ಶ್ವಗಳನ್ನು ಅದು ತೋರಿಸುವುದೇ ಹೊರತು, ಕೆನ್ನೆಯ ಕಡೆಯ ಮತ್ತು ನಾಲಗೆಯ ಕಡೆಯ ಮೂಳೆಯು ಲೋಹದ ನೆರಳಿನಲ್ಲಿ ಮರೆಯಾಗಿರುತ್ತದೆ. ಮೂಳೆ ಕರಗುವುದರ ಆರಂಭವೂ ಎಕ್ಸ್-ರೇಯ ದೃಷ್ಟಿಗೆ ಬೀಳದು. ಆದಕಾರಣ ಸಲಾಕೆಯಿಂದ ಒಸಡಿನ ಆಳವನ್ನು ಮೃದುವಾಗಿ ಅಳೆಯದೆ ಚಿತ್ರವೊಂದನ್ನೇ ನೋಡಿ ತೀರ್ಪು ಕೊಡುವುದು ಅರ್ಧ ಪರೀಕ್ಷೆಯೇ ಸರಿ. ಸಂದೇಹ ಬಲವಾದಾಗ ಸಿ.ಬಿ.ಸಿ.ಟಿ. ಎಂಬ ಮೂರು ಆಯಾಮದ ಚಿತ್ರವನ್ನು ತೆಗೆಸುವರು; ಅದರಲ್ಲಿಯೂ ಲೋಹದ ಸುತ್ತ ಕಪ್ಪು ಗೆರೆಗಳು ಸುಳ್ಳಾಗಿ ಮೂಡುವುದುಂಟು. ಬೆಳಗಾವಿಯ ದಂತ ಮಹಾವಿದ್ಯಾಲಯಗಳಲ್ಲಿ ಇಂಥ ಚಿತ್ರಗಳನ್ನು ಓದುವುದಕ್ಕೇ ಪ್ರತ್ಯೇಕ ವಿಭಾಗಗಳಿವೆ.

ವಿಕಿರಣದ ಭಯ ಅನೇಕರಿಗೆ. 1896ರಲ್ಲಿ ಜರ್ಮನಿಯ ವಾಲ್ಕಾಫ್ ತನ್ನ ಹಲ್ಲಿನ ಚಿತ್ರಕ್ಕಾಗಿ 25 ನಿಮಿಷ ಕಿರಣಕ್ಕೆ ಬಾಯೊಡ್ಡಿದ್ದನು; ಇಂದು ಕ್ಷಣಾರ್ಧ ಸಾಕು, ಮತ್ತು ಒಂದು ಚಿಕ್ಕ ಡಿಜಿಟಲ್ ಚಿತ್ರದ ವಿಕಿರಣವು ನಿಸರ್ಗದಿಂದ ಒಂದು ದಿನದಲ್ಲಿ ನಮಗೆ ತಗಲುವುದಕ್ಕೆ ಹೆಚ್ಚುಕಡಿಮೆ ಸಮ. ಯಂತ್ರವು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿತವಾಗಿರಬೇಕೆಂಬುದು ನಿಯಮ. ಗರ್ಭಿಣಿಯರು ಮುಂಚಿತವಾಗಿ ತಿಳಿಸಬೇಕು.

ಮೂಳೆ ಇಳಿದಿರುವುದು ಖಚಿತವಾದರೆ, ತಿರುಪಿನ ಸುತ್ತಲಿನ ಪಾಚಿಯನ್ನೂ ಒಸಡಿನೊಳಗೆ ಉಳಿದಿರಬಹುದಾದ ಸಿಮೆಂಟನ್ನೂ ತೆಗೆಯಿಸುವುದು ಪ್ರಥಮ ಚಿಕಿತ್ಸೆ. ಔಷಧದ ಅಂಗಡಿಯಲ್ಲಿ ಗುಳಿಗೆ ಕೊಂಡು ಕಾಲ ತಳ್ಳುವುದು ಚಿಕಿತ್ಸೆಯಲ್ಲ. ಹಳೆಯ ಚಿತ್ರ ಕಳೆದುಹೋದವರ ವಿಷಯದಲ್ಲಿ 2017ರ ಅಂತಾರಾಷ್ಟ್ರೀಯ ತಜ್ಞರ ಸಮ್ಮೇಳನವು ಒಂದು ಅಳತೆಯನ್ನು ಹೇಳಿದೆ: ರಕ್ತ ಅಥವಾ ಕೀವು, ಒಸಡಿನಲ್ಲಿ ಸಲಾಕೆ ಇಳಿಯುವ 6 ಮಿ.ಮೀ. ಅಥವಾ ಹೆಚ್ಚಿನ ಆಳ, ಮೂಳೆಯಲ್ಲಿ 3 ಮಿ.ಮೀ. ಅಥವಾ ಹೆಚ್ಚಿನ ಇಳಿತ, ಈ ಮೂರೂ ಸೇರಿದರೆ ರೋಗವಿದೆಯೆಂದೇ ಅರ್ಥ. ಹಳೆಯ ಚಿತ್ರವಿಲ್ಲದವರು ಈ ತಿಂಗಳಲ್ಲಿಯೇ ಒಂದು ಚಿತ್ರ ತೆಗೆಸಿ, ತಾರೀಖು ಬರೆದು, ಜೋಪಾನವಾಗಿ ಇಟ್ಟುಕೊಳ್ಳಲಿ.