ಹುಡುಗಿ ನೆಗೆಟಿವ್ ಅಂತ

ತಮ್ಮಾ, ಅಣ್ಣಿಗೇರಿ ಬೀಗತನದ ಸುದ್ದಿ ನನಗೂ ಮುಟ್ಟೈತಿ. ಸೋದರಮಾವನ ಮಗಳು, ಬಿ.ಎಡ್. ಮುಗಿಸ್ಯಾಳ, ಇಬ್ಬರಿಗೂ ಮನಸೈತಿ. ಸಾಕ್ರಿಪುಡಾಕ್ಕ ದಿನಾ ನೋಡೂ ಹೊತ್ತಿನ್ಯಾಗ ಆಕಿ ರಕ್ತದ ಕಾರ್ಡು ಹೊರಗ ಬಂತು, ಬಿ ನೆಗೆಟಿವ್. ಅವತ್ತಿನಿಂದ ನಿಮ್ಮವ್ವ ಸಪ್ಪಗ ಕುಂತಾಳ. "ನೆಗೆಟಿವ್ ಹೆಣ್ಣಿಗೆ ಮಕ್ಕಳು ದಕ್ಕೂದಿಲ್ಲಂತ" ಅಂತ ಯಾರೋ ಕಿವಿ ಊದ್ಯಾರ. "ನಮ್ಮ ಕಡೆ ಯಾರಿಗೂ ಇಂಥಾದ್ದಿಲ್ಲ, ಇದೆಲ್ಲಿಂದ ಬಂತು?" ಅಂತ ಆಕಿ ಕೇಳಾಕತ್ತಾಳ. ತಾಲೂಕ ದವಾಖಾನಿ ಲ್ಯಾಬಿನ್ಯಾಗ ರಕ್ತ ನೋಡಿಕೋತ ತಲಿ ಬೆಳ್ಳಗ ಮಾಡಿಕೊಂಡಾಂವ ನಾ. ಡಾಕ್ಟರ್ ಅಲ್ಲ, ಆದ್ರ ಈ ಮಾತಿನ್ಯಾಗ ದೊಡ್ಡಪ್ಪನ್ನ ನಂಬಬಹುದು. ಕೂಡು.

ಗ್ರೂಪ್ ನೋಡೂದು ದೊಡ್ಡ ವಿದ್ಯಾ ಏನಲ್ಲ. ಬಿಳಿ ಹೆಂಚಿನ ಮ್ಯಾಲ ರಕ್ತದ ಮೂರು ಹನಿ. ಒಂದಕ್ಕ ನೀಲಿ ಬಾಟ್ಲಿದು, ಒಂದಕ್ಕ ಹಳದಿ ಬಾಟ್ಲಿದು, ಇನ್ನೊಂದಕ್ಕ ಬಣ್ಣಿಲ್ಲದ್ದು ಹಾಕಿ ಕಡ್ಡಿಲೆ ಕಲಸಿ, ಹೆಂಚು ಅಲಗಾಡಸೂದು. ನೀಲಿಯೊಳಗ ರಕ್ತ ಗಂಟ ಕಟ್ಟಿದ್ರ ಎ, ಹಳದ್ಯಾಗ ಕಟ್ಟಿದ್ರ ಬಿ, ಎರಡರಾಗೂ ಕಟ್ಟಿದ್ರ ಎಬಿ, ಎರಡರಾಗೂ ಇಲ್ಲಂದ್ರ ಓ. ಮೂರನೇ ಹನಿ ಗಂಟ ಕಟ್ಟಿದ್ರ ಪಾಸಿಟಿವ್, ಇಲ್ಲಂದ್ರ ನೆಗೆಟಿವ್. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ತನ್ನ ಮತ್ತ ತನ್ನ ಜೋಡಿ ಕೆಲಸ ಮಾಡಾವರ ರಕ್ತಾನ ಒಂದಕ್ಕೊಂದು ಕಲಸಿ ನೋಡಿ 1901ರಾಗ ಇದರ ಗುಟ್ಟು ಹೇಳಿದ. ಅವನು ಹುಟ್ಟಿದ ದಿನಾ ಅಂತನ ಜೂನ್ 14ಕ್ಕ ರಕ್ತದಾನಿಗಳ ದಿನಾ ಮಾಡತಾರ.

ನೆಗೆಟಿವ್ ಅಂದ್ರ ಕೆಂಪು ಕಣದ ಮೈಮ್ಯಾಲ ಡಿ ಅನ್ನೂ ಒಂದು ಪ್ರೋಟೀನ್ ಇಲ್ಲ, ಅಷ್ಟ. ರಕ್ತ ಕಡಿಮಿ ಐತಿ ಅಂತಲ್ಲ, ಶಕ್ತಿ ಇಲ್ಲ ಅಂತಲ್ಲ. ನಮ್ಮ ದೇಶದಾಗ ನೂರಕ್ಕ ಸುಮಾರು 5 ಮಂದಿ ಹಂಗ ಇರತಾರ, ಯುರೋಪಿನ್ಯಾಗ 15ರ ಹತ್ರ. ಆ ಪದ ಇಟ್ಟವರು ಲಗ್ನಾ ಮುರಿಯೂ ಮಂದಿ ಬಗ್ಗೆ ವಿಚಾರ ಮಾಡಿರಲಿಕ್ಕಿಲ್ಲ ಬಿಡು.

ಇನ್ನ ಎಲ್ಲಿಂದ ಬಂತು ಅನ್ನೂ ಮಾತು. ಪ್ರತಿಯೊಬ್ಬರಿಗೂ ಅಪ್ಪನ ಕಡಿಂದ ಒಂದು, ಅವ್ವನ ಕಡಿಂದ ಒಂದು, ಹಿಂಗ ಎರಡೆರಡು ಜೀನ್ ಬರತಾವ. ಎರಡರಾಗ ಒಂದರಾಗ ಡಿ ಇದ್ರೂ ಸಾಕು, ಮನುಷ್ಯಾ ಪಾಸಿಟಿವ್. ನೆಗೆಟಿವ್ ಆಗಬೇಕಂದ್ರ ಎರಡೂ ಡಿ ಇಲ್ಲದವ ಬರಬೇಕು. ಈಗ ನೋಡು, ಆ ಹುಡುಗಿಗೆ ಅರ್ಧಾ ಅಪ್ಪನಿಂದ ಬಂದೈತಿ. ಆಕಿ ಅಪ್ಪ ಯಾರು? ನಿಮ್ಮವ್ವನ ಒಡಹುಟ್ಟಿದ ಅಣ್ಣ. ಅವಂಗ ಎಲ್ಲಿಂದ ಬಂತು? ನಿಮ್ಮ ತಾಯಿ ಕಡಿ ಅಜ್ಜನಿಂದ, ಇಲ್ಲಾ ಅಜ್ಜಿಯಿಂದ. ನಿಮ್ಮವ್ವ ಯಾವುದು ನಮ್ಮ ಕಡೆ ಇಲ್ಲ ಅಂತಾಳೋ ಅದು ಆಕಿ ತವರಮನಿದ! ಆಕಿ ಮೈಯಾಗೂ ಅದು ಇದ್ದೀತು, ನಿನ್ನ ಮೈಯಾಗೂ ಇದ್ದೀತು. ನೀ ಓ ಪಾಸಿಟಿವ್ ಅಂದ್ರ ಒಂದರ ಡಿ ಐತಿ ಅಂತ ಅರ್ಥ. ಇನ್ನೊಂದರಾಗ ಏನೈತಿ ಅನ್ನೂದು ಹೆಂಚಿನ ಮ್ಯಾಲ ಕಾಣೂದಿಲ್ಲ. ಇದನ್ನ ನಿಮ್ಮವ್ವನ ಮುಂದ ಗೆದ್ದಾವರ ಹಂಗ ಹೇಳಬ್ಯಾಡ. ರಾತ್ರಿ ಉಂಡು ಎಲಿ ಅಡಿಕಿ ಹಾಕ್ಕೊಳ್ಳೂ ಹೊತ್ತಿನ್ಯಾಗ ಮೆಲ್ಲಕ ಹೇಳು, ನಕ್ಕಾಳು.

ಆದ್ರ ಮಕ್ಕಳು ದಕ್ಕೂದಿಲ್ಲ ಅನ್ನೂ ಮಾತು ಪೂರಾ ಸುಳ್ಳಲ್ಲ. ಒಂದ ಕಾಲಕ್ಕ ಖರೆ ಇತ್ತು. ಇದನ್ನ ನೀ ಸರಿಯಾಗಿ ತಿಳಕೋಬೇಕು.

ಹೊರಗಿನ ಕಣದ ಮ್ಯಾಲ ಬೀಳೂ ಪ್ರತಿಕಾಯ ಅಂತ ರಕ್ತದಾಗ ಇರತಾವ, ಅದರಾಗ ಎರಡು ನಮೂನಿ ಅದಾವ. ಎ ಗ್ರೂಪಿನವರ ರಕ್ತದಾಗ ಬಿ ವಿರುದ್ಧ, ಬಿ ಗ್ರೂಪಿನವರಲ್ಲಿ ಎ ವಿರುದ್ಧ, ಓ ಗ್ರೂಪಿನವರಲ್ಲಿ ಎರಡರ ವಿರುದ್ಧನೂ ಪ್ರತಿಕಾಯ ಮೊದಲ ಇರತಾವ. ಯಾರ ರಕ್ತಾನೂ ತಗೊಂಡಿರಬೇಕಂತಿಲ್ಲ. ನಮ್ಮ ಕರುಳಿನ್ಯಾಗ ಇರೂ ಸೂಕ್ಷ್ಮಜೀವಿಗಳ ಮೈಮ್ಯಾಲ ಎ, ಬಿ ಥರದ ಸಕ್ಕರಿ ಇರತೈತಿ. ಅದನ್ನ ಕಂಡು ಕೂಸಿನ ಮೈ ಮೂರರಿಂದ ಆರು ತಿಂಗಳೊಳಗ ಇವನ್ನ ಮಾಡಾಕ ಸುರು ಮಾಡತೈತಿ. ತಪ್ಪಿ ಬ್ಯಾರೆ ಗ್ರೂಪಿನ ರಕ್ತಾ ಏರಿಸಿದ್ರ ಒಂದ ಸಲಕ್ಕ ಜೀವಕ್ಕ ಕುತ್ತು ಬರೂದು ಇದರಿಂದ. ಆದ್ರ ಇವು ದೊಡ್ಡ ಗಾತ್ರದವು, ಬಹುಪಾಲು ಮಾಸು ದಾಟಿ ಹೊಟ್ಟ್ಯಾಗಿನ ಕೂಸಿನ ತನಕ ಹೋಗೂದಿಲ್ಲ.

ಡಿ ವಿರುದ್ಧದ್ದು ಹಂಗಲ್ಲ. ನೆಗೆಟಿವ್ ಹೆಣ್ಮಗಳ ರಕ್ತದಾಗ ಅದು ತಾನಾಗೇ ಹುಟ್ಟೂದಿಲ್ಲ, ಪಾಸಿಟಿವ್ ರಕ್ತಾ ಆಕಿ ಮೈಯಾಗ ಹೊಕ್ಕರ ಮಾತ್ರ ಹುಟ್ಟತೈತಿ. ಗಂಡ ಪಾಸಿಟಿವ್ ಇದ್ದು ಕೂಸೂ ಪಾಸಿಟಿವ್ ಆದ್ರ, ಹಡಿಯೂ ಹೊತ್ತಿನ್ಯಾಗ ಕೂಸಿನ ರಕ್ತಾ ಚೂರು ಅವ್ವನ ಮೈಯಾಗ ಸೇರತೈತಿ. ಆಕಿ ಮೈ ಅದನ್ನ ಹೊರಗಿನದು ಅಂತ ತಿಳದು ನಿಧಾನಕ್ಕ ಪ್ರತಿಕಾಯ ಮಾಡತೈತಿ. ಅಷ್ಟೊತ್ತಿಗೆ ಮೊದಲನೇ ಕೂಸು ತೊಟ್ಟಲದಾಗ ಇರತೈತಿ, ಅದಕ್ಕೇನೂ ಆಗಿರೂದಿಲ್ಲ. ಎರಡನೇದು ಹೊಟ್ಟ್ಯಾಗ ಬಂದಾಗ ಮೈಗೆ ನೆನಪಿರತೈತಿ. ಈ ಪ್ರತಿಕಾಯ ಸಣ್ಣವು, ಮಾಸು ದಾಟಿ ಹೋಗಿ ಕೂಸಿನ ಕೆಂಪು ಕಣ ಒಡೀತಾವ. ಕೂಸು ರಕ್ತ ಇಲ್ದ ಬಿಳಚಿಕೋತೈತಿ, ಇಲ್ಲಾ ಬಾತುಕೊಂಡು ಒಳಗ ಸಾಯತೈತಿ, ಇಲ್ಲಾ ಹುಟ್ಟಿದ ದಿನಾನ ಕಾಮಣಿ ಏರಿ ಮಿದುಳಿಗೆ ಹೋಗತೈತಿ.

ಚೊಚ್ಚಲ ಮಗಾ ಗಟ್ಟಿಮುಟ್ಟ, ಆಮ್ಯಾಲಿನವು ಒಂದೂ ಉಳಿಲಿಲ್ಲ ಅನ್ನೂ ಹೆಣ್ಮಕ್ಕಳು ನಮ್ಮ ಸಣ್ಣಂದಿನ್ಯಾಗ ಕೇರಿಗೊಬ್ಬರು ಇದ್ರು. ಎಲ್ಲಾ ಇದರಿಂದನ ಅಂತ ನಾ ಹೇಳೂದಿಲ್ಲ, ಆದ್ರ ಕೆಲವರದಂತೂ ಇದ ಇದ್ದೀತು. ಮಂದಿ ಮಾತ್ರ ಕಾಲ್ಗುಣ ಅಂದ್ರು, ಗಾಳಿ ಅಂದ್ರು, ಗಂಡಗ ಎರಡನೇ ಲಗ್ನಾ ಮಾಡಿದ್ರು. ಗಂಡನ ಕಡಿಂದ ಬಂದ ಡಿ, ಅಪವಾದ ಆಕಿಗೆ! 1939ರಾಗ ನ್ಯೂಯಾರ್ಕಿನ ಲೆವಿನ್ ಮತ್ತ ಸ್ಟೆಟ್ಸನ್ ಅನ್ನೂ ಇಬ್ಬರು ಒಬ್ಬಾಕಿ ಸಂಗತಿ ಬರದ್ರು. ಆಕಿ ಕೂಸು ಹೊಟ್ಟ್ಯಾಗ ಸತ್ತಿತ್ತು. ಆಕಿಗೆ ಗಂಡನ ರಕ್ತಾ ಏರಿಸಿದ್ರು. ಇಬ್ಬರದೂ ಓ ಗ್ರೂಪ್, ಆದರೂ ಒಗ್ಗಲಿಲ್ಲ. ಕೂಸು ಅಪ್ಪನಿಂದ ತಂದ ಯಾವುದೋ ಗುರುತಿಗೆ ಅವ್ವನ ಮೈ ಎದುರು ನಿಂತೈತಿ ಅಂತ ಅವರು ಊಹಿಸಿದ್ರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತ ವೀನರ್ ಅದಕ್ಕ ಆರ್‌ಎಚ್ ಅಂತ ಹೆಸರು ಕೊಟ್ರು, ನಾ ಡಿ ಡಿ ಅಂತಿರೂದು ಅದನ್ನ.

ಇದಕ್ಕ ಆಂಟಿ-ಡಿ ಅನ್ನೂ ಔಷಧ ಬಂದದ್ದು 1968ರಾಗ. ಅದರ ಉಪಾಯ ನೋಡು, ಯಾವ ಪ್ರತಿಕಾಯ ಕೂಸನ್ನ ಕೊಲ್ಲತೈತೋ ಅದನ್ನ ಸೂಜಿಲೆ ಅವ್ವಗ ಕೊಡೂದು. ಆಕಿ ಮೈಯಾಗ ಸೇರಿದ ಕೂಸಿನ ಕಣಗಳನ್ನ ಅದು ಮೊದಲ ತಗದ ಹಾಕತೈತಿ. ಆಕಿ ಮೈಗೆ ಡಿ ಕಂಡ ಸುದ್ದಿನ ಮುಟ್ಟೂದಿಲ್ಲ. ಹೊರಗಿಂದ ಕೊಟ್ಟದ್ದು ಕೆಲವು ವಾರಕ್ಕ ಕರಗಿ ಹೋಗತೈತಿ. ಆಸ್ಟ್ರೇಲಿಯಾದಾಗ ಜೇಮ್ಸ್ ಹ್ಯಾರಿಸನ್ ಅಂತ ಒಬ್ಬಾಂವ ಇದ್ದ. ಅವನ ರಕ್ತದಾಗ ಔಷಧಕ್ಕ ಬೇಕಾಗೂ ಈ ಪ್ರತಿಕಾಯ ಭಾಳ ಇತ್ತು. ಹುಡುಗ ಇದ್ದಾಗ ಆಪರೇಶನ್‌ಗೆ ಮಂದಿ ರಕ್ತಾ ತಗೊಂಡಿದ್ದ. ಹದಿನೆಂಟಕ್ಕ ಕೊಡಾಕ ಸುರು ಮಾಡಿ 81ರ ವಯಸ್ಸಿನ ತನಕ 1,173 ಸಲ ಕೊಟ್ಟ. 2025ರ ಫೆಬ್ರುವರಿಯಾಗ ತೀರಿಕೊಂಡ. ನಮ್ಮ ಊರಿನ ಗಂಡಸರು ಒಮ್ಮೆ ರಕ್ತಾ ಕೊಟ್ಟು ತಿಂಗಳಗಟ್ಟಲೆ ಹಾಲು ತತ್ತಿ ಕೇಳತಾರ, ಅದಕ ನೆನಪಾತು.

ಈಗ ನಿನಗ ಹಿಡಸದ ಒಂದ ಮಾತು. ನಿಮ್ಮದು ಒಳಗಿನ ಸಂಬಂಧ. ನಾ ಬ್ಯಾಡ ಅನ್ನಾಕ ಬರೂದಿಲ್ಲ, ನಿಮ್ಮ ದೊಡ್ಡವ್ವ ನನ್ನ ಅಕ್ಕನ ಮಗಳು. ಆದ್ರ ಲೆಕ್ಕಾ ಗೊತ್ತಿರಲಿ. ಸೋದರಮಾವ ಮತ್ತ ಅಕ್ಕನ ಮಗಳ ನಡುವ ನಾಲ್ಕರಾಗ ಒಂದು ಪಾಲು ಜೀನ್ ಒಂದ ಮೂಲದ್ದಿರತಾವ, ಅತ್ತಿ ಮಗಾ, ಮಾವನ ಮಗಳ ನಡುವ ಎಂಟರಾಗ ಒಂದು ಪಾಲು. ಅಜ್ಜನ ಮೈಯಾಗ ಅಡಗಿ ಕುಂತ ಜೀನ್ ಎರಡು ದಾರಿ ಹಿಡದು ಬಂದು ಮರಿಮಕ್ಕಳಲ್ಲಿ ಕೂಡೂ ಸಂಭವ ಹೆಚ್ಚು. ಬಾಂಬೆ ಗ್ರೂಪ್ ಅಂತ ಕೇಳೀಯಲ್ಲಾ, ಅದು ಹಿಂಗ ಬರೂದು.

1952ರಾಗ ಮುಂಬೈ ಕೆಇಎಂ ಆಸ್ಪತ್ರಿ ಡಾ. ವೈ. ಎಂ. ಭೆಂಡೆ ಮತ್ತ ಅವರ ಜೋಡಿದವರು ಅದನ್ನ ಕಂಡುಹಿಡದ್ರು. ಆಗ ನಮ್ಮ ಧಾರವಾಡ ಜಿಲ್ಲಾನೂ ಮುಂಬೈ ರಾಜ್ಯದಾಗ ಇತ್ತು, 1956ರ ತನಕ. ಹಂಗಾಗಿ ಆ ಹೆಸರಿನ್ಯಾಗ ನಮ್ಮದೂ ಪಾಲೈತಿ ಅನ್ನಬಹುದು! ಎ ಮತ್ತ ಬಿ ಎರಡೂ ಕುಂದ್ರೂದು ಎಚ್ ಅನ್ನೂ ಇನ್ನೊಂದರ ಮ್ಯಾಲ. ನಮ್ಮ ಮಾಳಿಗಿ ಮನ್ಯಾಗ ಕಂಬ ಇಲ್ದ ತೊಲಿ ನಿಂತೀತೇನು? ಹಂಗ, ಎಚ್ ಇಲ್ಲಂದ್ರ ಎ, ಬಿ ಜೀನ್ ಇದ್ದರೂ ಕಣದ ಮ್ಯಾಲ ಕಾಣೂದಿಲ್ಲ. ಅಪ್ಪ ಅವ್ವ ಇಬ್ಬರ ಕಡಿಂದನೂ ಕೆಟ್ಟ ಎಚ್ ಜೀನ್ ಬಂದ್ರ ಮಾತ್ರ ಹಿಂಗ ಆಗತೈತಿ. ನಮ್ಮ ದೇಶದಾಗ ಸುಮಾರು 10,000ಕ್ಕ ಒಬ್ಬರು, ಯುರೋಪಿನ್ಯಾಗ ಹತ್ತು ಲಕ್ಷಕ್ಕ ಒಬ್ಬರು. ಹೆಂಚಿನ ಮ್ಯಾಲ ಅವರು ಓ ಅಂತನ ಕಾಣತಾರ. ಆದ್ರ ಅವರ ರಕ್ತದಾಗ ಎಚ್ ವಿರುದ್ಧ ಪ್ರತಿಕಾಯ ಇರೂದರಿಂದ ಓ ರಕ್ತಾ ಏರಿಸಿದರೂ ಸಾಯತಾರ. ಅವರಿಗೆ ಅವರದ ಗ್ರೂಪ್ ಆಗಬೇಕು. ಕಣಾ ಅಷ್ಟ ನೋಡದ, ರಕ್ತದ ನೀರಿನ್ಯಾಗ ಓ ಕಣಾ ಬೆರಸಿ ತಿರಗಾಮುರಗಾ ಪರೀಕ್ಷಾ ಮಾಡಿದ್ರ ಸಿಕ್ಕಬೀಳತೈತಿ.

ಇದನ್ನ ಹೇಳಾಕ ಕಾರಣ ಐತಿ. ಶಾಲಿ ಪುಸ್ತಕದಾಗ ಒಂದ ಕೋಷ್ಟಕ ಇರತೈತಿ, ಓ ಮತ್ತ ಓ ಕೂಡಿದ್ರ ಓ, ಎಬಿ ಮತ್ತ ಓ ಕೂಡಿದ್ರ ಎ ಇಲ್ಲಾ ಬಿ ಅಂತ. ನಿಮ್ಮಿಬ್ಬರ ಮಕ್ಕಳೂ ಬಿ ಇಲ್ಲಾ ಓ ಆಗಬೇಕು. ಈ ಕೋಷ್ಟಕ ಮೊಬೈಲ್‌ನ್ಯಾಗ ಹಿಡಕೊಂಡು ಹೆಂಡತಿ ಮ್ಯಾಲ ಅನುಮಾನ ಪಡೂ ಗಂಡಸರನ್ನ ನಾ ಕಂಡೇನಿ. ಹೆಂಡತಿ ಬಾಂಬೆ ಗ್ರೂಪಿನಾಕಿ, ಕಾರ್ಡಿನ್ಯಾಗ ಓ ಅಂತ ಐತಿ, ಒಳಗ ಬಿ ಜೀನ್ ಅಡಗೈತಿ ಅಂತ ತಿಳಕೋ. ಗಂಡ ಓ. ಅವನ ಕಡಿಂದ ಛಲೋ ಎಚ್ ಸಿಕ್ಕು ಕೂಸು ಬಿ ಆಗಿ ಹುಟ್ಟೀತು. ಕೂಸು ಅವಂದ, ಕೋಷ್ಟಕ ಮಾತ್ರ ಅಲ್ಲ ಅಂತೈತಿ. ಇಂಥಾದ್ದು ಅಪರೂಪ, ಖರೆ. ಅದಕ್ಕಿಂತ ಹೆಚ್ಚಿಗೆ ಆಗೂದು ಗ್ರೂಪ್ ಬರಕೊಳ್ಳೂದ ತಪ್ಪಿರೂದು. ಕೋರ್ಟ್ ಸುದ್ದಾ ಅವಸರ ಮಾಡೂದಿಲ್ಲ. ಲಗ್ನದೊಳಗ ಹುಟ್ಟಿದ ಕೂಸು ಆ ಗಂಡಂದ ಅಂತ ಸಾಕ್ಷ್ಯ ಕಾಯ್ದೆ ಹಿಡಿತೈತಿ. 1993ರ ಗೌತಮ್ ಕುಂಡು ಪ್ರಕರಣದಾಗ ಸುಪ್ರೀಂ ಕೋರ್ಟು, ಕೇಳಿದವರಿಗೆಲ್ಲಾ ರಕ್ತ ಪರೀಕ್ಷಾಕ್ಕ ಹುಕುಂ ಕೊಡಾಕ ಬರೂದಿಲ್ಲ, ಅವ್ವಗ ಮತ್ತ ಕೂಸಿಗೆ ಎಂಥಾ ಕಳಂಕ ಹತ್ತತೈತಿ ಅನ್ನೂದನ್ನ ಮೊದಲ ತೂಗಬೇಕು ಅಂತ ಹೇಳೈತಿ. ದೊಡ್ಡ ಜಡ್ಜುಗಳು ಹಿಂಗ ತಡದು ನೋಡೂ ವಿಷಯಾನ ನಾವು ಕಟ್ಟಿಮ್ಯಾಲ ಕುಂತು ಚಹಾ ಕುಡಿಯೂದರೊಳಗ ತೀರ್ಮಾನ ಮಾಡಿಬಿಡತೇವಿ.

ರಕ್ತದ ಗುರುತುಗಳು ಎ, ಬಿ, ಡಿಗೆ ಮುಗಿಯೂದಿಲ್ಲ. ಕೋಲಾರದ ಕಡಿ 38 ವರ್ಷದ ಹೆಣ್ಮಗಳು 2024ರಾಗ ಹೃದಯದ ಆಪರೇಶನ್‌ಗೆ ಸೇರಿದ್ಳು. ಓ ಪಾಸಿಟಿವ್, ಎಲ್ಲಾ ಕಡೆ ಸಿಗೂದು. ಆದ್ರ ಯಾವ ಓ ರಕ್ತಾನೂ ಆಕಿಗೆ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತಕೇಂದ್ರದವರು ಮನಿತನದ 20 ಮಂದಿ ರಕ್ತಾ ನೋಡಿದ್ರು, ಒಬ್ಬರದೂ ಕೂಡಲಿಲ್ಲ. ಡಾಕ್ಟರು ಹೊರಗಿನ ರಕ್ತಾ ಏರಿಸದನ ಆಪರೇಶನ್ ಮಾಡಿ ಉಳಿಸಿದ್ರು. ಮಾದರಿ ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋತು. ಹತ್ತು ತಿಂಗಳ ಪರೀಕ್ಷಾ ಆದಮ್ಯಾಲ, ಜಗತ್ತಿನ್ಯಾಗ ಯಾರೂ ಕಂಡಿರದ ಗುರುತು ಅಂತ ಗೊತ್ತಾತು. 2025ರ ಜೂನ್‌ದಾಗ ಮಿಲಾನ್ ಸಮ್ಮೇಳನದಾಗ ಅದಕ್ಕ 'ಕ್ರಿಬ್' ಅಂತ ಹೆಸರಿಟ್ರು. ಕ್ರೋಮರ್ ಅನ್ನೂ ರಕ್ತ ವ್ಯವಸ್ಥಿ, ಇಂಡಿಯಾ, ಬೆಂಗಳೂರು, ಮೂರೂ ಅದರಾಗ ಅದಾವ. ಕಾರ್ಡಿನ ಮ್ಯಾಲಿನ ಒಂದ ಅಕ್ಷರಾ ಓದಿ ಒಬ್ಬ ಹೆಣ್ಮಗಳನ್ನ ಅಳಿಯಾಕ ಹೋಗಬ್ಯಾಡ ಅಂತ ಇದಕ ಹೇಳಿದ್ದು.

ಇನ್ನ ಮಾಡೂ ಕೆಲಸಾ ಕೇಳು. ಲಗ್ನಕ್ಕ ಮೊದಲ ಇಬ್ಬರೂ ಹುಬ್ಬಳ್ಳಿಗೆ ಹೋಗಿ, ಕಿಮ್ಸ್‌ನ್ಯಾಗೋ ಯಾವುದರ ಛಲೋ ರಕ್ತಕೇಂದ್ರದಾಗೋ ಗ್ರೂಪ್ ಮತ್ತೊಮ್ಮೆ ನೋಡಿಸಿ ಬರಸಿಕೊಂಡು ಬರ್ರಿ. ಆಕಿ ಬಸುರಾದ್ಳು ಅಂದಕೂಡಲೆ ತಾಯಿ ಕಾರ್ಡಿನ ಮ್ಯಾಲ ನೆಗೆಟಿವ್ ಅನ್ನೂದನ್ನ ದೊಡ್ಡದಾಗಿ ಬರಸ್ರಿ, ಆಶಾ ಕಾರ್ಯಕರ್ತೆಗೂ ಹೇಳ್ರಿ. ಮೊದಲ ಕೂಂಬ್ಸ್ ಅನ್ನೂ ಪರೀಕ್ಷಾ ಮಾಡಿಸಿದ್ರ ಪ್ರತಿಕಾಯ ಆಗಲೇ ಹುಟ್ಯಾವೇನು ಗೊತ್ತಾಗತೈತಿ. ಪ್ರತಿಕಾಯ ಹುಟ್ಟಿಬಿಟ್ಟಿದ್ರ ಆಂಟಿ-ಡಿ ಇಂಜೆಕ್ಷನ್ ಉಪಯೋಗಿಲ್ಲ, ಆಗ ದೊಡ್ಡ ಆಸ್ಪತ್ರ್ಯಾಗ ಕೂಸನ್ನ ಕಾಯಬೇಕಾಗತೈತಿ. ಹುಟ್ಟಿಲ್ಲಂದ್ರ 28ನೇ ವಾರಕ್ಕ ಒಂದು ಆಂಟಿ-ಡಿ. ಹಡದಮ್ಯಾಲ ಹೊಕ್ಕಳಬಳ್ಳಿ ರಕ್ತದಿಂದ ಕೂಸಿನ ಗ್ರೂಪ್ ನೋಡತಾರ, ಪಾಸಿಟಿವ್ ಇದ್ರ 72 ತಾಸಿನೊಳಗ ಇನ್ನೊಂದು. ನಡುವ ಗರ್ಭ ಇಳದರೂ, ಬಿದ್ದು ಹೊಟ್ಟಿಗೆ ಪೆಟ್ಟು ಹತ್ತಿದರೂ, ರಕ್ತಾ ಕಂಡರೂ ಅದ 72 ತಾಸಿನ ಲೆಕ್ಕಾ. ಇಳದದ್ದನ್ನ ಮನಿಯೊಳಗ ಮುಚ್ಚಿಟ್ಟು ಕುಂದ್ರೂ ಚಾಳಿ ನಮ್ಮ ಕಡೆ ಐತಿ, ಮುಂದಿನ ಕೂಸಿಗೆ ಕೇಡು ಸುರುವಾಗೂದು ಅಲ್ಲೇ.

ಕೂಸು ಹುಟ್ಟಿದ 24 ತಾಸಿನೊಳಗ ಹಳದಿ ಕಂಡ್ರ ಕಾಮಣಿ ಮಂತ್ರಾ, ಬರಿ ಹಾಕಸೂದು ಅಂತ ಯಾರ ಮನಿ ಬಾಗಿಲಕ್ಕೂ ಹೋಗಬ್ಯಾಡ್ರಿ, ಸೀದಾ ದವಾಖಾನಿ.

ಹೆರಿಗಿ ಮಳಿಗಾಲದಾಗ ಬಂದ್ರ ನವಲಗುಂದದ ಈ ಕಡಿ ಹಳ್ಳಿಯೊಳಗ ಇಡಬ್ಯಾಡ್ರಿ ಆಕಿನ್ನ. ಬೆಣ್ಣಿಹಳ್ಳ ತುಂಬಿದ್ರ ಎರಿ ಹೊಲದಾಗಿನ ದಾರಿ ಎರಡು ದಿನಾ ಬಂದ್ ಆಗತೈತಿ, 72 ತಾಸಿನ್ಯಾಗ ಬಹುಪಾಲು ಅಷ್ಟರಾಗ ಕಳದು ಹೋಗತೈತಿ. ಮೊದಲ ಇಂಜೆಕ್ಷನ್ ತಂದಿಟ್ಟುಕೊಂಡ್ರಾತು ಅಂತೀ ಏನ? ಅದು 2ರಿಂದ 8 ಡಿಗ್ರಿ ಥಂಡಿಯೊಳಗ ಇರಬೇಕು, ನಮ್ಮ ಊರಾಗ ಕರೆಂಟ್ ಹ್ಯಾಂಗ ಹೋಗತೈತಿ ಅಂತ ನಿನಗ ಗೊತ್ತೈತಿ. ದಿನಾ ತುಂಬೂ ಎರಡು ವಾರ ಮೊದಲ ಹುಬ್ಬಳ್ಳಿ ನಿಮ್ಮ ಚಿಗವ್ವನ ಮನಿಗೆ ಕಳಿಸ್ರಿ.